ಕಾಗದದ ವೇಗ ಅಳೆಯುವ ಸಾಧನ: ಸದಸ್ಯರ ಗಮನಕ್ಕೆ

ತುಮಕೂರಿನ ಪ್ರಿಂಟರ್ ದುರಸ್ತಿಗಾರರ ಗುಂಪಿನ ಎಲ್ಲರಿಗೂ ನಮಸ್ಕಾರ. ಸವೆದು ನುಣುಪಾದ ರಬ್ಬರ್ ರೋಲರ್ ಪೂರ್ತಿ ಸುತ್ತು ತಿರುಗಿದರೂ ಕಾಗದವನ್ನು ಅಷ್ಟೇ ದೂರ ಎಳೆಯುವುದಿಲ್ಲವಾದ್ದರಿಂದ, ವೇಗವನ್ನು ಮೋಟಾರಿನ ಸುತ್ತುಗಳಿಂದ ಲೆಕ್ಕ ಹಾಕದೆ ಕಾಗದದ ಮೇಲೆಯೇ ಅಳೆಯಬೇಕು. ಕಾಗದದ ಹಾದಿಯಲ್ಲಿ 50 ಮಿಲಿಮೀಟರ್ ಅಂತರದಲ್ಲಿ ಎರಡು ಇನ್‌ಫ್ರಾರೆಡ್ ಸೆನ್ಸರ್ ಕೂರಿಸಿ, ಹಾಳೆಯ ಮುಂದಿನ ಅಂಚು ಒಂದನ್ನು ದಾಟಿ ಇನ್ನೊಂದನ್ನು ತಲುಪುವ ಕಾಲವನ್ನು ಆರ್ಡುಯಿನೊ ಎಂಬ, ಪ್ರೋಗ್ರಾಂ ಹಾಕಬಹುದಾದ ಚಿಕ್ಕ ಎಲೆಕ್ಟ್ರಾನಿಕ್ ಬೋರ್ಡಿನ, ಸಂಕೇತ ಬಂದ ಕ್ಷಣವೇ ಸ್ಪಂದಿಸುವ ಇಂಟರಪ್ಟ್ ಪಿನ್‌ಗಳ ಮೂಲಕ ದಾಖಲಿಸಬಹುದು, 0.4 ಸೆಕೆಂಡ್ ಹಿಡಿದರೆ ವೇಗ ಸೆಕೆಂಡಿಗೆ 125 ಮಿಲಿಮೀಟರ್. ಇದು ಸರಾಸರಿ ಮಾತ್ರ. ಹಾಳೆಯ ಉದ್ದಕ್ಕೂ ಆಗುವ ಏರಿಳಿತ ತಿಳಿಯಬೇಕಿದ್ದರೆ, ಕಾಗದವನ್ನು ಹಗುರವಾಗಿ ಒತ್ತುವ ಚಿಕ್ಕ ಚಕ್ರಕ್ಕೆ ಅದರ ತಿರುಗುವಿಕೆಯನ್ನು ಅಳೆಯುವ ಎನ್‌ಕೋಡರ್ ಜೋಡಿಸಬೇಕಾಗುತ್ತದೆ (ಬಿಗಿಯಾಗಿ ಒತ್ತಿದರೆ ಚಕ್ರವೇ ಕಾಗದವನ್ನು ತಡೆದೀತು). ಸೆನ್ಸರ್‌ಗಳ ಅಂತರದಲ್ಲಿ ಅರ್ಧ ಮಿಲಿಮೀಟರ್ ವ್ಯತ್ಯಾಸವಾದರೂ ಫಲಿತಾಂಶ ಶೇಕಡಾ 1ರಷ್ಟು ತಪ್ಪುವುದರಿಂದ, ದಯವಿಟ್ಟು ಸ್ಕೇಲ್ ಬದಲು ವರ್ನಿಯರ್ ಕ್ಯಾಲಿಪರ್ ಬಳಸಿರಿ.