ನಿಮ್ಮ ಊದುಬತ್ತಿಯಲ್ಲಿ ಏನು ಹಾಕಿದ್ದೀರಿ ಅಂತ ಹೇಳಿ

ಗ್ರಾಹಕ ಸೇವಾ ವಿಭಾಗದ ಮುಖ್ಯಸ್ಥರಿಗೆ,

ಇದು ನನ್ನ ಮೊದಲನೇ ದೂರು ಅಲ್ಲ. ಐದು ಸಲ ಫೋನ್ ಮಾಡಿದ್ದೇನೆ, ಎರಡು ಮೇಲ್ ಹಾಕಿದ್ದೇನೆ. ದೂರಿನ ನಂಬರನ್ನೂ ನಿಮ್ಮವರೇ ಕಳಿಸಿದ್ದಾರೆ. 7 ದಿನದೊಳಗೆ ಉತ್ತರ ಕೊಡುತ್ತೇವೆ ಅಂತ ಡಬ್ಬಿಯ ಹಿಂದೆ ಅಚ್ಚು ಹಾಕಿಸಿದವರು ನೀವು. ಇವತ್ತಿಗೆ 32 ದಿನ ಆಯಿತು.

ನಮ್ಮ ಮನೆಯಲ್ಲಿ 11 ವರ್ಷದಿಂದ ನಿಮ್ಮ ಮಲ್ಲಿಗೆ ಊದುಬತ್ತಿಯನ್ನೇ ಹಚ್ಚುತ್ತಿದ್ದೆವು. ಬೆಳಿಗ್ಗೆ ಎರಡು, ಸಂಜೆ ದೀಪ ಹಚ್ಚುವಾಗ ಎರಡು. ಆಷಾಢದ ಕೊನೆಯಲ್ಲಿ ತಂದ ಹೊಸ ಡಬ್ಬಿಯಲ್ಲಿ ಅದೇ ಹೆಸರು, ಅದೇ ಚಿತ್ರ. ಮೇಲೆ ಒಂದು ಹಸಿರು ಮುದ್ರೆ ಮಾತ್ರ ಹೊಸದು: 100% ನೈಸರ್ಗಿಕ, ಇದ್ದಿಲು ರಹಿತ. ಮುಚ್ಚಳ ತೆಗೆದ ತಕ್ಷಣ ವಾಸನೆ ಬೇರೆ ಅಂತ ಗೊತ್ತಾಯಿತು. ಕಾರಿನೊಳಗೆ ತೂಗುಹಾಕುತ್ತಾರಲ್ಲ, ಆ ಸೆಂಟಿನ ಹಾಗೆ ಮೂಗಿನ ಮೇಲ್ಭಾಗಕ್ಕೆ ಹೋಗಿ ಚುಚ್ಚುವ ಸಿಹಿ ವಾಸನೆ. ಎರಡು ಮೂರು ದಿನ ತಲೆನೋವು ಬಂತು. ನಿದ್ದೆ ಸಾಲದೆ ಇರಬಹುದು ಅಂದುಕೊಂಡು ಸುಮ್ಮನಾದೆ.

ವರಮಹಾಲಕ್ಷ್ಮಿ ಹಬ್ಬದ ದಿನ ಅದನ್ನೇ ನಾಲ್ಕು ಹಚ್ಚಿದೆ. ಹತ್ತು ನಿಮಿಷಕ್ಕೆ ಗಂಟಲು ಕೆರೆಯಲು ಶುರುವಾಯಿತು, ಕಣ್ಣಲ್ಲಿ ನೀರು, ಆಮೇಲೆ ಎದೆ ಬಿಗಿಯಿತು. ಅರಿಶಿನ ಕುಂಕುಮಕ್ಕೆ ಬಂದ ಹೆಂಗಸರು ಹಾಲ್‌ನಲ್ಲಿ ಕೂತಿದ್ದರು, ನನಗೆ ಬನ್ನಿ ಅನ್ನಲೂ ಉಸಿರು ಸಾಲಲಿಲ್ಲ. ಪಕ್ಕದ ಮನೆಯವರು ಆಟೋದಲ್ಲಿ ಕ್ಲಿನಿಕ್ಕಿಗೆ ಕರೆದುಕೊಂಡು ಹೋದರು. ರೇಷ್ಮೆ ಸೀರೆ, ತಲೆ ತುಂಬ ಹೂವು, ಕೈಗೆ ಕಟ್ಟಿದ ವ್ರತದ ದಾರ, ಮುಖಕ್ಕೆ ನೆಬ್ಯುಲೈಸರ್ ಮಾಸ್ಕ್. ಹಾಗೆ ಅರ್ಧ ಗಂಟೆ ಕೂತಿದ್ದೆ.

ಡಾಕ್ಟರು ಕೇಳಿದ್ದು ಒಂದೇ ಪ್ರಶ್ನೆ. ಅದರಲ್ಲಿ ಏನು ಹಾಕಿರುತ್ತಾರಮ್ಮ? ಕೆಲವರಿಗೆ ಹೊಗೆ ಆಗುವುದಿಲ್ಲ, ಕೆಲವರಿಗೆ ಯಾವುದೋ ಒಂದು ಸೆಂಟು ಆಗುವುದಿಲ್ಲ, ಯಾವುದು ಅಂತ ಗೊತ್ತಾದರೆ ಸೋಪು, ಪೌಡರು ಎಲ್ಲದರಲ್ಲೂ ಅದನ್ನು ದೂರ ಇಡಬಹುದು ಅಂದರು. ಆ ಒಂದು ಪ್ರಶ್ನೆಗೆ ಉತ್ತರ ಕೇಳಿಕೊಂಡು ನಿಮ್ಮ ಬಾಗಿಲಿಗೆ ಬಂದಿದ್ದು ನಾನು.

ನಿಮ್ಮವರು ಪ್ರತಿ ಸಲವೂ ಹೊಗೆ, ಹೊಗೆ, ಕಿಟಕಿ ತೆಗೆದಿಡಿ ಅನ್ನುತ್ತಾರೆ. ಹೊಗೆ ಒಳ್ಳೆಯದಲ್ಲ ಅಂತ ನನಗೂ ಗೊತ್ತು. ಒಂದು ಗ್ರಾಂ ಊದುಬತ್ತಿ ಉರಿದರೆ ಸುಮಾರು 45 ಮಿಲಿಗ್ರಾಂ ಸಣ್ಣ ಕಣ ಬರುತ್ತದೆ, ಒಂದು ಗ್ರಾಂ ಸಿಗರೇಟಿನಿಂದ ಬರುವುದು ಸುಮಾರು 10 ಅಂತ ಅಳತೆ ಮಾಡಿದವರು ಬರೆದಿದ್ದಾರೆ. ಅದಕ್ಕೇ ನಮ್ಮಲ್ಲಿ ಕಿಟಕಿ ತೆಗೆದೇ ಹಚ್ಚುವುದು. ಆದರೆ ಹಳೇ ಡಬ್ಬಿಯಲ್ಲಿ ಉಳಿದಿದ್ದ ಆರು ಕಡ್ಡಿಗಳನ್ನು ಒಂದೊಂದು ದಿನ ಒಂದೊಂದರಂತೆ ಹಚ್ಚಿ ನೋಡಿದೆ. ಏನೂ ಆಗಲಿಲ್ಲ. ಕೆಂಡದ ಮೇಲೆ ಸಾಂಬ್ರಾಣಿ ಹಾಕಿದೆ, ಹೊಗೆ ಇದಕ್ಕಿಂತ ಜಾಸ್ತಿ, ಒಂದೆರಡು ಕೆಮ್ಮು ಅಷ್ಟೇ. ನಿಮ್ಮ ಹೊಸ ಡಬ್ಬಿಯನ್ನು ಹಚ್ಚದೆ ಸುಮ್ನೆ ಮುಚ್ಚಳ ತೆಗೆದು ಮೇಜಿನ ಮೇಲಿಟ್ಟೆ. ಕಾಲು ಗಂಟೆಗೆ ತಲೆ ಸಿಡಿಯಿತು. ಹೊಗೆಯೇ ಇಲ್ಲದಾಗ ತೊಂದರೆ ಆಗಿದ್ದು ಯಾವುದರಿಂದ? ನೀವೇ ಹೇಳಿ.

ಇನ್ನೊಂದು ಮಾತು ಹೇಳಬೇಕು. ನಮ್ಮಮ್ಮ ಈ ಮೈಸೂರಿನಲ್ಲೇ ಮನೆಯಲ್ಲಿ ಕೂತು ಊದುಬತ್ತಿ ಹೊಸೆದವರು. ಸಾವಿರ ಬತ್ತಿಗೆ ಇಷ್ಟು ಅಂತ ಕೂಲಿ. ಇದ್ದಿಲ ಪುಡಿ, ಜಿಗಟು ಪುಡಿ ಕಲಸಿದ ಹಿಟ್ಟನ್ನು ಮಣೆಯ ಮೇಲೆ ಇಟ್ಟು, ಬಿದಿರು ಕಡ್ಡಿಗೆ ಅಂಗೈಯಲ್ಲಿ ಉರುಳಿಸುತ್ತಿದ್ದರು. ಅವರ ಅಂಗೈ ಗೆರೆಗಳಲ್ಲಿ ಕೂತ ಕಪ್ಪು ದೀಪಾವಳಿ ಎಣ್ಣೆ ಸ್ನಾನಕ್ಕೂ ಹೋಗುತ್ತಿರಲಿಲ್ಲ. ಹಾಗಾಗಿ ಆ ಕಪ್ಪು ನನಗೆ ಚೆನ್ನಾಗಿ ಗೊತ್ತು. ನಿಮ್ಮ "ಇದ್ದಿಲು ರಹಿತ" ಬತ್ತಿಯೊಂದನ್ನು ಮುರಿದು ಅಂಗೈಯಲ್ಲಿ ಪುಡಿ ಮಾಡಿ, ನೀರು ಹಾಕಿ ಉಜ್ಜಿದೆ. ಅಮ್ಮನ ಕೈಯಂತೆಯೇ ಕಪ್ಪಾಯಿತು. ಒಣಗಿದ ಬತ್ತಿಯನ್ನು ಸೆಂಟಿನಲ್ಲಿ ಅದ್ದುತ್ತಾರೆ, ಆ ಸೆಂಟನ್ನು ತೆಳು ಮಾಡಲು ಡಿಇಪಿ ಅನ್ನುವ ಎಣ್ಣೆಯಂಥ ರಾಸಾಯನಿಕ ಬೆರೆಸುವುದು ಈ ಕಸುಬಿನಲ್ಲಿ ಮಾಮೂಲು ಅಂತಲೂ ಗೊತ್ತು. ಮೈಸೂರು ಅಗರಬತ್ತಿಗೆ 2005ರಲ್ಲಿ, ಇದು ಈ ಊರಿನದೇ ವಸ್ತು ಅನ್ನುವ ಭೌಗೋಳಿಕ ಗುರುತು (ಜಿಐ) ಸಿಕ್ಕಿದಾಗ ಅಮ್ಮ ತನಗೇ ಸಿಕ್ಕಿದ ಹಾಗೆ ಖುಷಿಪಟ್ಟಿದ್ದರು. ಆ ಹೆಸರಿನ ಮೇಲೆ ಸುಳ್ಳು ಮುದ್ರೆ ಹೊಡೆದರೆ ನನಗೆ ಹೊಟ್ಟೆ ಉರಿಯುತ್ತದೆ.

ಈಗ ಕಳೆದ ಗುರುವಾರದ ವಿಷಯ. ಬೆಳಿಗ್ಗೆ 11 ಗಂಟೆ 20 ನಿಮಿಷ. ಹುರುಳಿಕಾಯಿ ಹೆಚ್ಚುತ್ತಾ ಫೋನನ್ನು ಸ್ಪೀಕರಿಗೆ ಹಾಕಿದ್ದೆ. ಎದುರಿಗೆ 82 ವರ್ಷದ ನಮ್ಮತ್ತೆ ಕೂತಿದ್ದರು.

"ಎಷ್ಟು ಕಡ್ಡಿ ಹಚ್ಚಿದ್ರಿ ಅಮ್ಮ?" ಅಂತ ನಿಮ್ಮ ಹುಡುಗ ಕೇಳಿದ. ಹದಿನೈದು ಇರಬಹುದಪ್ಪ ಅಂದೆ. "ಇರಬಹುದು ಅಂದ್ರೆ ಎಂಟ್ರಿ ಆಗಲ್ಲ. ಉಳಿದಿರೋದನ್ನ ಎಣಿಸಿ, ನಾನು ಲೈನಲ್ಲಿ ಇರ್ತೀನಿ" ಅಂದ. ನಾನು ಫೋನ್ ಮಾಡಿದ್ದೇ ಆ ಡಬ್ಬಿಯ ವಾಸನೆ ಆಗುವುದಿಲ್ಲ ಅಂತ. ಆದರೂ ಸೆರಗನ್ನು ಮೂಗಿಗೆ ಬಿಗಿದುಕೊಂಡು ಅಡುಗೆ ಕಟ್ಟೆಯ ಮೇಲೆ ಪೇಪರ್ ಹಾಸಿ ಎಣಿಸಿದೆ. 87. "ಗ್ಯಾರಂಟಿನಾ?" ಅಂದ. ಮತ್ತೆ ಎಣಿಸಿದೆ. 86. "ಮೊದಲು 87 ಅಂದ್ರಲ್ಲ" ಅಂದ, ಕಳ್ಳಿಯನ್ನು ಹಿಡಿದ ಹಾಗೆ. ಮುರಿದು ನೋಡಿದ ಬತ್ತಿಯ ತುಂಡನ್ನೂ ಒಂದು ಅಂತ ಸೇರಿಸಿಬಿಟ್ಟಿದ್ದೆ ಅಂತ ವಿವರಣೆ ಕೊಟ್ಟೆ. ಅಷ್ಟು ಹೊತ್ತಿಗೆ ಕೆಮ್ಮು ಹತ್ತಿಕೊಂಡಿತ್ತು. ಆಗ ಅವನು ಹೇಳಿದ್ದು: "ನಮ್ಮ ಡಬ್ಬಿ ತೂಕದ ಲೆಕ್ಕ ಅಮ್ಮ, ಕಡ್ಡಿ ಲೆಕ್ಕ ಅಲ್ಲ. ಅಂಗಡಿಗೆ ಹೋಗಿ ತೂಕ ಹಾಕಿಸಿಕೊಂಡು ಫೋನ್ ಮಾಡಿ."

ಹಾಗಾದರೆ ಎಣಿಸು ಅಂತ ಯಾಕೆ ಹೇಳಿದೆ ಅಂತ ಕೇಳಿದೆ. ಉತ್ತರ ಇಲ್ಲ. "ಈ ಕೆಮ್ಮು ಮೊದಲಿಂದ ಇತ್ತಾ? ವಯಸ್ಸೆಷ್ಟು?" ಅಂದ. 54 ಅಂದೆ. "ಆ ವಯಸ್ಸಲ್ಲಿ ಹೆಂಗಸರಿಗೆ ಇದೆಲ್ಲ ಇರುತ್ತೆ. ನಿಮ್ಮೊಬ್ಬರಿಗೇ ಅಲ್ವಾ ಆಗಿರೋದು?" ಅಂದ. ಆಮೇಲೆ ಬುದ್ಧಿ ಹೇಳುವ ಹಾಗೆ, ನಿಧಾನವಾಗಿ, "ದೇವರ ಮೇಲೆ ಮನಸ್ಸಿಟ್ಟು ಹಚ್ಚಿದ್ರೆ ಏನೂ ಆಗಲ್ಲ ಅಮ್ಮ" ಅಂದ.

ನಾನು ಫೋನ್ ಇಟ್ಟೆ. ಅತ್ತೆ ಒಂದು ಮಾತೂ ಆಡಲಿಲ್ಲ. ಎದ್ದು ದೇವರ ಮನೆಗೆ ಹೋದರು. ಮೂರು ಸಲ ಸೋಪು ಹಾಕಿ ತೊಳೆದರೂ ಬೆರಳಿನ ವಾಸನೆ ಹೋಗಲಿಲ್ಲ, ಆವತ್ತಿನ ಪಲ್ಯಕ್ಕೂ ಅದೇ ವಾಸನೆ. ಮಾರನೇ ದಿನ ನೋಡಿದರೆ ಹಿತ್ತಾಳೆಯ ಊದುಬತ್ತಿ ಸ್ಟ್ಯಾಂಡ್ ಜಾಗದಲ್ಲಿ ಇರಲಿಲ್ಲ. ಮೊಮ್ಮಗನ ಕೈಲಿ ಅಟ್ಟಕ್ಕೆ ಹಾಕಿಸಿದ್ದಾರೆ. ಅರವತ್ತು ವರ್ಷ ಒಂದು ದಿನ ತಪ್ಪದೆ ಊದುಬತ್ತಿ ಹಚ್ಚಿದವರು, ನನಗೆ ಆಗುವುದಿಲ್ಲ ಅಂತ ನಿಲ್ಲಿಸಿಬಿಟ್ಟರು. "ತುಪ್ಪದ ದೀಪ ಸಾಕು ಬಿಡಮ್ಮ" ಅಂದರು. ನನ್ನ ಭಕ್ತಿಯನ್ನು ಅಳೆಯಲು ನಿಮ್ಮ ಹುಡುಗನಿಗೆ ಅಧಿಕಾರ ಕೊಟ್ಟವರು ಯಾರು?

ಸಂಜೆ ಒಂದು ಕೂಪನ್ ಕಳಿಸಿದಿರಿ. ಅದೇ ಮಲ್ಲಿಗೆಯ ಇನ್ನೊಂದು ಡಬ್ಬಿ ಉಚಿತ! ನನ್ನನ್ನು ಕ್ಲಿನಿಕ್ಕಿಗೆ ಕಳಿಸಿದ ವಸ್ತುವನ್ನೇ ಮತ್ತೆ ಕೊಡುತ್ತೀರಾ? ದೂರು ಓದಿದವರು ಒಬ್ಬರಾದರೂ ಇದ್ದಾರಾ ನಿಮ್ಮ ಆಫೀಸಿನಲ್ಲಿ?

ನಿಮ್ಮ ನಿಯಮಗಳು ನನಗಿಂತ ನಿಮಗೆ ಚೆನ್ನಾಗಿ ಗೊತ್ತಿರಬೇಕು. ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ ಪ್ರಕಾರ ಇಲ್ಲದ ಗುಣ ಇದೆ ಅಂತ ಬರೆದು ಮಾರುವುದು ದಾರಿ ತಪ್ಪಿಸುವ ಜಾಹೀರಾತು, ಮೊದಲ ಸಲಕ್ಕೇ 10 ಲಕ್ಷದವರೆಗೆ ದಂಡ ಹಾಕಬಹುದು. ಊದುಬತ್ತಿಗೆ ಭಾರತೀಯ ಮಾನಕ ಬ್ಯೂರೋ (ಬಿಐಎಸ್) 2025ರಲ್ಲಿ ಐಎಸ್ 19412 ಅಂತ ಮಾನದಂಡ ತಂದಿದೆ, ಯಾವ ಕೀಟನಾಶಕ, ಯಾವ ಸೆಂಟಿನ ರಾಸಾಯನಿಕ ಇರಬಾರದು ಅಂತ ಅದರಲ್ಲಿ ಹೆಸರು ಹಿಡಿದು ಹೇಳಿದ್ದಾರೆ. ನಿಮ್ಮ ಬತ್ತಿ ಅದಕ್ಕೆ ಸರಿಹೋಗುತ್ತದೋ ಇಲ್ಲವೋ, ಹೌದು ಅಥವಾ ಇಲ್ಲ ಅಂತ ಬರೆದು ಕೊಡಿ. ಮಲ್ಲಿಗೆಯ ಸೆಂಟು ಯಾವಾಗ ಬದಲಾಯಿತು, ಈಗ ಏನೇನು ಹಾಕುತ್ತಿದ್ದೀರಿ, ಅದನ್ನೂ ಬರೆಯಿರಿ. ಗುಟ್ಟು ಅನ್ನುವುದಾದರೆ ನನಗೆ ಹೇಳಬೇಡಿ, ಡಾಕ್ಟರಿಗೆ ಹೇಳಿ. ಡಬ್ಬಿಯ 145 ರೂಪಾಯಿ ನನಗೆ ಬೇಡ.

ಬರುವ ತಿಂಗಳು 5ನೇ ತಾರೀಕಿನವರೆಗೆ ಕಾಯುತ್ತೇನೆ. ಆಮೇಲೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್, ಅಲ್ಲಿಂದ ಜಿಲ್ಲಾ ಗ್ರಾಹಕ ಆಯೋಗ. 5 ಲಕ್ಷದೊಳಗಿನ ಕೇಸಿಗೆ ಶುಲ್ಕವೂ ಇಲ್ಲ, ವಕೀಲರೂ ಬೇಕಾಗಿಲ್ಲ, ನಾನೇ ಬಂದು ನಿಲ್ಲುತ್ತೇನೆ. ನಮ್ಮ ಭಜನಾ ಮಂಡಳಿಯ 40 ಮನೆಗಳಲ್ಲೂ ನಿಮ್ಮದೇ ಡಬ್ಬಿ. ಅವರಿಗೆಲ್ಲ ಈ ಪತ್ರ ಓದಿ ಹೇಳುತ್ತೇನೆ, ಕಪ್ಪಾದ ಅಂಗೈಯ ಫೋಟೋ ತೋರಿಸುತ್ತೇನೆ. ಡಬ್ಬಿಯನ್ನು ಎರಡು ಕವರಿನಲ್ಲಿ ಕಟ್ಟಿ, ಸ್ಟೀಲ್ ಡಬ್ಬದೊಳಗೆ ಹಾಕಿ ಟೆರೇಸಿನ ಮೇಲೆ ಇಟ್ಟಿದ್ದೇನೆ. ಬಿಲ್ಲು, ಕ್ಲಿನಿಕ್ಕಿನ ಚೀಟಿ, ಬ್ಯಾಚ್ ನಂಬರಿನ ಫೋಟೋ ಎಲ್ಲ ಅದರ ಜೊತೆಗಿವೆ. ಆಯೋಗದಲ್ಲಿ ಯಾರಾದರೂ ಕೇಳಿದರೆ ಈ ಸಲ ತಪ್ಪುವುದಿಲ್ಲ. 86 ಕಡ್ಡಿ.

ಇತಿ,
ನಿಮ್ಮ 11 ವರ್ಷದ ಗ್ರಾಹಕಿ
ಕುವೆಂಪುನಗರ, ಮೈಸೂರು