ಡಬ್ಲಿನ್ನಿಂದ ಬಂದ ಕೋಳಿ

ಪ್ರೀತಿಯ ಪುಟ್ಟೀ,

ನಿನ್ನ ಗೆಳತಿ ನಿನ್ನೆ ಸಂಜೆ ಕವರ್ ಕೊಟ್ಟು ಹೋದಳು. ಕಾಫಿ ಕುಡಿದು ಹೋಗು ಅಂದರೂ ನಿಲ್ಲಲಿಲ್ಲ. ಚಾಕಲೇಟನ್ನು ನಿಮ್ಮಪ್ಪ ಆಗಲೇ ಅರ್ಧ ಮುಗಿಸಿದ್ದಾರೆ. ನನ್ನ ಕಣ್ಣೆಲ್ಲ ನೀನು ಕಳಿಸಿದ ಆ ಹಳೇ ಐರಿಶ್ ಪೆನ್ನಿ ನಾಣ್ಯದ ಮೇಲೇ.

ಮೂವತ್ತು ವರ್ಷ ಕ್ಯಾಶ್ ಕೌಂಟರಿನಲ್ಲಿ ಕೂತವಳು ನಾನು. ನಾಣ್ಯ ಸಿಕ್ಕರೆ ಕಣ್ಣಿಗಿಂತ ಮೊದಲು ಬೆರಳು ಲೆಕ್ಕ ಹಾಕುತ್ತದೆ. ಒಳ್ಳೆ ಅಗಲ, ಕಂಚು, ಹತ್ತಿರ ಹತ್ತಿರ ಒಂಬತ್ತೂವರೆ ಗ್ರಾಂ. ಒಂದು ಕಡೆ ಹಾರ್ಪ್ ಅನ್ನೋ ತಂತಿವಾದ್ಯ, 1928 ಅಂತ ಇಸವಿ. ಇನ್ನೊಂದು ಕಡೆ ಕೋಳಿ, ಕಾಲ ಬಳಿ ಮರಿಗಳು. 'ಸ್ವಾತಂತ್ರ್ಯ ಬಂದ ಖುಷಿಗೆ ಕೋಳಿ ಹಾಕಿದ್ದಾರೆ ನೋಡಮ್ಮ' ಅಂತ ಚೀಟಿ ಬೇರೆ ಬರೆದಿದ್ದೀಯ. ನನಗೆ ನಗು ಬರಲಿಲ್ಲ ಕಣೇ.

1922ರಲ್ಲಿ ಐರ್ಲೆಂಡಿನವರು ತಮ್ಮದೇ ಸರ್ಕಾರದ ಐರಿಶ್ ಫ್ರೀ ಸ್ಟೇಟ್ ಮಾಡಿಕೊಂಡಮೇಲೂ ಹೆಸರಿಗೆ ರಾಜ ಇಂಗ್ಲೆಂಡಿನ ಐದನೇ ಜಾರ್ಜೇ. ಕೆನಡಾ, ಆಸ್ಟ್ರೇಲಿಯದ ನಾಣ್ಯಗಳ ಮೇಲೆಲ್ಲ ಅವನ ತಲೆ ಇತ್ತು. ಐರ್ಲೆಂಡಿನವರು ಅದನ್ನು ತೆಗೆದು ಹಾರ್ಪ್ ಕೂರಿಸಿದರು. ಹಿಂಬದಿಗೆ ಏನು ಅಂತ ನೋಡಲು 1926ರಲ್ಲಿ ಸಮಿತಿ ಮಾಡಿದರು. ಅದಕ್ಕೆ ಅಧ್ಯಕ್ಷ ಕವಿ ಯೇಟ್ಸ್. ಆಗ ಆತ ಸೆನೆಟರ್ ಕೂಡ. ಸಂತರೂ ಬೇಡ, ನಾಯಕರೂ ಬೇಡ ಅಂತಾಯಿತು. ಅದು ದನ, ಕುದುರೆ, ಬೆಣ್ಣೆ ಮಾರಿ ಬದುಕುವ ದೇಶ. ಹಾಗಾಗಿ ಎಲ್ಲಕ್ಕಿಂತ ದೊಡ್ಡ ನಾಣ್ಯ ಅರ್ಧ ಕ್ರೌನಿಗೆ ಕುದುರೆ, ಫ್ಲಾರಿನ್‌ಗೆ ಸಾಲ್ಮನ್ ಮೀನು, ಶಿಲ್ಲಿಂಗಿಗೆ ಗೂಳಿ, ಆರು ಪೆನ್ಸಿಗೆ ಬೇಟೆನಾಯಿ, ಮೂರಕ್ಕೆ ಮೊಲ. ಬೆಲೆ ಇಳಿದಂತೆ ಪ್ರಾಣಿಯ ಗತ್ತೂ ಇಳಿಯುತ್ತದೆ, ನೋಡಿದ್ಯಾ? ಪೆನ್ನಿಗೆ ನಿನ್ನ ಕೋಳಿ, ಅರ್ಧ ಪೆನ್ನಿಗೆ ಮರಿಗಳ ಜೊತೆ ಹಂದಿ. ತೀರಾ ಚಿಕ್ಕ ಫಾರ್ದಿಂಗಿಗೆ, ಅಂದರೆ ಕಾಲು ಪೆನ್ನಿಗೆ, ಒಂದು ಕಾಡುಹಕ್ಕಿ.

ಹಂದಿಯದ್ದೇ ದೊಡ್ಡ ಕಥೆ. ಅದರ ಮೈಕಟ್ಟು ಕೃಷಿ ಇಲಾಖೆಯವರಿಗೆ ಹಿಡಿಸಲಿಲ್ಲ, ಗೂಳಿಯದೂ ಅಷ್ಟೇ. ಮಾರುಕಟ್ಟೆಯಲ್ಲಿ ಬೆಲೆ ಬರುವ ತಳಿ ಹೀಗಿರಲ್ಲ ಅಂತ ತಕರಾರು! ಕಲಾವಿದ ಪಾಪ ತಿದ್ದಿಕೊಟ್ಟ. ಯೇಟ್ಸ್‌ಗೆ ಮೊದಲಿನ ಹಂದಿ ಹೋಯಿತಲ್ಲ ಅಂತ ಬೇಜಾರು. ಇಲಾಖೆ ಅಂದರೆ ಎಲ್ಲ ಕಡೆ ಒಂದೇ.

ಆ ಕಲಾವಿದ ಪರ್ಸಿ ಮೆಟ್ಕಾಫ್ ಇಂಗ್ಲೆಂಡಿನವನು. ಅಚ್ಚು ಹಾಕಿದ್ದು ಲಂಡನ್ನಿನ ರಾಯಲ್ ಮಿಂಟ್ ಟಂಕಸಾಲೆಯಲ್ಲಿ. ಜನ ಸುಮ್ಮನಿರುತ್ತಾರಾ? ಕೆಲವರು ಅದಕ್ಕೆ ಬೈದರು, ಇನ್ನು ಕೆಲವರು ಸಂತನಿಲ್ಲ, ಶಿಲುಬೆಯಿಲ್ಲ ಅಂತ ಬೈದರು. ಆದರೂ 1928ರ ಡಿಸೆಂಬರಿನಲ್ಲಿ ಬಂದ ಕೋಳಿ 1971ರವರೆಗೆ ಜೇಬಿನಲ್ಲಿ ಓಡಾಡಿತು. ಆಮೇಲೆ ದಶಮಾಂಶ ಲೆಕ್ಕದ ಹೊಸ ಪೆನ್ಸು ಬಂತು, ಗೂಳಿ, ಸಾಲ್ಮನ್ ಅದಕ್ಕೂ ಬಂದು ಯೂರೋ ತನಕ ಉಳಿದವು. ಹಾರ್ಪ್ ಈಗಲೂ ನಿನ್ನ ಪರ್ಸಿನಲ್ಲೇ ಇದೆ, ತೆಗೆದು ನೋಡು.

ಅಜ್ಜನ ನಾಣ್ಯದ ಡಬ್ಬಿ ನೆನಪಿದೆಯಾ? 1950ರ ನಮ್ಮ ಒಂದು ಪೈಸೆ ಮೇಲೂ ಕುದುರೆ, ಒಂದಾಣೆ ಮೇಲೂ ಗೂಳಿ. ಆರನೇ ಜಾರ್ಜ್ ದೊರೆಯ ಜಾಗಕ್ಕೆ ಸಿಂಹ. ಆದರೆ ನಮ್ಮವು ಅಶೋಕನ ಕಂಬದಿಂದ ಇಳಿದು ಬಂದವು. ಅವರವು ಸೀದಾ ಕೊಟ್ಟಿಗೆಯಿಂದ ಎದ್ದು ಬಂದವು. ನನಗೆ ಅವರದ್ದೇ ಒಂದು ಕೈ ಜಾಸ್ತಿ ಇಷ್ಟ. ನಿಮ್ಮಪ್ಪನಿಗೆ ಹೇಳಬೇಡ, ವಾದಕ್ಕೆ ಕೂರುತ್ತಾರೆ. ಕೋಳಿಯನ್ನು ಆ ಒಂದಾಣೆ ಪಕ್ಕದಲ್ಲೇ ಇಟ್ಟಿದ್ದೇನೆ.

ಮುಂದಿನ ಸಲ ಬರುವಾಗ ಸಾಲ್ಮನ್ ಇರುವ ಫ್ಲಾರಿನ್ ಸಿಕ್ಕರೆ ತಾ. 1943ರವರೆಗಿನದರಲ್ಲಿ ಬೆಳ್ಳಿ ಇದೆ, ಅಂಗಡಿಯವರು ಜಾಸ್ತಿ ಹೇಳುತ್ತಾರೆ. 1951ರಿಂದ ಈಚೆಗಿನದು ಸಾಕು. ಮೀನು ಅದೇ ಮೀನು.

ನಿನ್ನ
ಅಮ್ಮ