ಕಲ್ಲಿಗೆ ಕಾರ್ಬನ್ ಪರೀಕ್ಷೆ ಇಲ್ಲ. ಕಾಲ ಹೇಳುವುದು ಬೂದಿಯೊಳಗಿನ ಕಾಳು

ಮಾನ್ಯ ಸಂಪಾದಕರೇ,

ಊರಿನಲ್ಲಿ ಒಂದು ವೀರಗಲ್ಲೋ ಕಲ್ಲಿನ ಕೊಡಲಿಯೋ ಸಿಕ್ಕರೆ ಜಿಲ್ಲಾ ಪುಟದ ಸುದ್ದಿ ಬಹುತೇಕ ಒಂದೇ ಮಾತಿನಿಂದ ಮುಗಿಯುತ್ತದೆ: ‘ಕಾರ್ಬನ್ ಪರೀಕ್ಷೆಗೆ ಒಳಪಡಿಸಿದರೆ ಇದರ ನಿಖರ ಕಾಲ ತಿಳಿಯಲಿದೆ.’ ಕಲ್ಲಿಗೆ ಕಾರ್ಬನ್ ಪರೀಕ್ಷೆ ಮಾಡಲು ಬರುವುದಿಲ್ಲ. ಈ ತಪ್ಪು ಮತ್ತೆ ಮತ್ತೆ ಅಚ್ಚಾಗುವುದರಿಂದ ಆಗುತ್ತಿರುವ ನಷ್ಟ ಸಣ್ಣದಲ್ಲ. ಜನ ಕಲ್ಲನ್ನು ಜೋಪಾನವಾಗಿ ಎತ್ತಿಟ್ಟು, ನಿಜವಾಗಿ ಕಾಲ ಹೇಳಬಲ್ಲ ಮಣ್ಣನ್ನು ಟ್ರ್ಯಾಕ್ಟರಿಗೆ ತುಂಬಿ ಕಳಿಸುತ್ತಿದ್ದಾರೆ.

ಗಿಡ ಬದುಕಿರುವಷ್ಟು ದಿನ ಗಾಳಿಯಿಂದ ಕಾರ್ಬನ್-14 ಎಂಬ ವಿಕಿರಣಶೀಲ ಕಾರ್ಬನ್ ಎಳೆದುಕೊಳ್ಳುತ್ತದೆ. ಗಿಡ ತಿಂದ ದನಕ್ಕೂ ದನದ ಹಾಲು ಕುಡಿದ ಮನುಷ್ಯನಿಗೂ ಅದೇ ಸೇರುತ್ತದೆ. ಸತ್ತ ಮೇಲೆ ಹೊಸದು ಸೇರುವುದಿಲ್ಲ, ಇದ್ದದ್ದು 5730 ವರ್ಷಕ್ಕೊಮ್ಮೆ ಅರ್ಧದಷ್ಟಾಗುತ್ತ ಹೋಗುತ್ತದೆ. ಸುಮಾರು 50,000 ವರ್ಷ ಕಳೆದ ಮೇಲೆ ಅಳೆಯುವಷ್ಟು ಉಳಿದಿರುವುದಿಲ್ಲ. ಹಾಗಾಗಿ ಇದ್ದಿಲು, ಸುಟ್ಟ ಕಾಳು, ಮೂಳೆಯಂಥ ಒಮ್ಮೆ ಜೀವವಿದ್ದ ವಸ್ತುಗಳಿಗೆ ಮಾತ್ರ ಈ ಪರೀಕ್ಷೆ. ವೀರಗಲ್ಲಿನ ಕಾಲವನ್ನು ಅದರ ಲಿಪಿ, ಶಕವರ್ಷ, ಶಿಲ್ಪದ ಶೈಲಿಯಿಂದಲೇ ಗುರುತಿಸಬೇಕು. ಕಲ್ಲಿನ ಕೊಡಲಿಯ ಕಾಲ ತಿಳಿಯುವುದು ಅದು ಬಿದ್ದಿದ್ದ ಪದರದಲ್ಲಿ ಜೊತೆಗೆ ಸಿಕ್ಕ ಇದ್ದಿಲಿನಿಂದ. ಪದರ ಬಿಟ್ಟು ಬಂದ ಕೊಡಲಿಗೆ ಕಾಲವೂ ತಪ್ಪಿಹೋಗುತ್ತದೆ.

ನಮ್ಮ ಬಳ್ಳಾರಿ, ರಾಯಚೂರು, ಕೊಪ್ಪಳ, ಯಾದಗಿರಿ ಸೀಮೆಯ ಬೂದಿದಿಬ್ಬಗಳನ್ನೇ ನೋಡಿ. ಕುಡತಿನಿಯದು, ಕಪ್ಪಗಲ್ಲಿನದು, ಸುರಪುರ ಬಳಿಯ ಬೂದಿಹಾಳದ್ದು ಎಲ್ಲರಿಗೂ ಗೊತ್ತು. ರಕ್ಕಸರನ್ನು ಸುಟ್ಟ ಬೂದಿ ಎಂದು ಊರವರು ಹೇಳುತ್ತ ಬಂದರು. ಅದು ನವಶಿಲಾಯುಗದ ದನಗಾಹಿಗಳು ದೊಡ್ಡಿಯಲ್ಲಿ ಒಟ್ಟಿದ ಸಗಣಿಯನ್ನು ಮತ್ತೆ ಮತ್ತೆ ಸುಟ್ಟ ಬೂದಿ ಎಂಬುದು ಸೂಕ್ಷ್ಮದರ್ಶಕದಲ್ಲೂ, ಅಗೆತದಲ್ಲೂ ಸಾಬೀತಾಯಿತು. 1957ರಲ್ಲಿ ಪುರಾತತ್ವಜ್ಞ ಆಲ್ಚಿನ್ ಅವರು ಅಗೆದ ಉತ್ನೂರಿನಲ್ಲಿ (ಈಗಿನ ತೆಲಂಗಾಣ) ದನಗಳ ಗೊರಸಿನ ಗುರುತೇ ಮಣ್ಣಿನಲ್ಲಿ ಉಳಿದಿತ್ತು. ಬೂದಿಹಾಳದಲ್ಲಿ ಪುರಾತತ್ವಜ್ಞ ಪದ್ದಯ್ಯನವರು ದಿಬ್ಬದ ಪಕ್ಕದ ವಾಸದ ನೆಲೆಯನ್ನೂ ಬಿಡಿಸಿ ತೋರಿಸಿದರು. ಈ ದಿಬ್ಬಗಳ ಕಾಲ ಸುಮಾರು ಕ್ರಿ.ಪೂ. 3000ದಿಂದ 1200ರವರೆಗೆ ಹರಡಿದೆ. ಇಂಥ ಬೂದಿಯನ್ನು ಹೊಲಕ್ಕೆ ಗೊಬ್ಬರವೆಂದು, ತಗ್ಗು ಮುಚ್ಚಲೆಂದು ಇವತ್ತಿಗೂ ಹೇರುತ್ತಾರೆ.

ದಿಬ್ಬದ ಬಿಳಿ ಬೂದಿ ಕಾಲ ಹೇಳುವುದಿಲ್ಲ ಎಂಬುದನ್ನು ಇಲ್ಲಿ ಹೇಳಲೇಬೇಕು. ಚೆನ್ನಾಗಿ ಉರಿದ ಬೂದಿಯಲ್ಲಿ ಮೂಲದ ಕಾರ್ಬನ್ ಹೊಗೆಯಾಗಿ ಹೋಗಿರುತ್ತದೆ. ಉಳಿದಿರುವ ಸುಣ್ಣದಂಶ ಆಮೇಲಿನ ಗಾಳಿ ನೀರಿನಿಂದ ಹೊಸ ಕಾರ್ಬನ್ ಹೀರಿಕೊಂಡಿರುತ್ತದೆ. ಬೇಕಾದದ್ದು ಎರಡು ಬಿಳಿ ಪದರಗಳ ನಡುವಿನ ಕಪ್ಪು ಗೆರೆ. ಅರೆಸುಟ್ಟ ಸಗಣಿ, ಇದ್ದಿಲು, ಕಾಳು ಇರುವುದು ಅಲ್ಲಿ. ಬೆರಳಿನಷ್ಟು ದಪ್ಪದ ಆ ಗೆರೆಯನ್ನು ಜೆಸಿಬಿ ಒಂದೇ ಬಕೆಟ್ಟಿನಲ್ಲಿ ಎತ್ತಿಬಿಡುತ್ತದೆ.

ಕಾಳು ತೆಗೆಯುವ ವಿಧಾನ ದುಬಾರಿಯದೇನಲ್ಲ. ಅನುಮತಿ ಪಡೆದು ಅಗೆಯುತ್ತಿರುವವರು ಒಂದೊಂದು ಪದರದಿಂದ 10 ಲೀಟರ್‌ನಷ್ಟು ಮಣ್ಣು ಅಳೆದು ತೆಗೆದು, ಆಳ ಮತ್ತು ಪದರದ ಸಂಖ್ಯೆಯ ಚೀಟಿ ಹಾಕಿ, ಮಣ್ಣು ಒಣಗಿದ ಮೇಲೆ ನೀರು ತುಂಬಿದ ಬಕೆಟ್ಟಿಗೆ ನಿಧಾನವಾಗಿ ಸುರಿಯಬೇಕು. ಕೈಯಿಂದ ಮೆಲ್ಲಗೆ ಕದಡಿದರೆ ಸುಟ್ಟದ್ದು ಮೇಲೆ ತೇಲುತ್ತದೆ. ತೇಲಿದ್ದನ್ನು 0.25 ಮಿ.ಮೀ. ಜಾಲರಿಗೋ ತೆಳುಬಟ್ಟೆಗೋ ಬಗ್ಗಿಸಬೇಕು. ಏನೂ ತೇಲದವರೆಗೆ ಮೂರು ನಾಲ್ಕು ಸಲ ಹೀಗೇ ಮಾಡಬೇಕು. ಎರೆಮಣ್ಣಾದರೆ ಉಂಡೆ ಬಿಡುವುದಿಲ್ಲ, ಆಗ ಒಂದು ಹಿಡಿ ಅಡುಗೆ ಸೋಡಾ ಹಾಕಿ ನೆನೆಸಬಹುದು, ಆದರೆ ಹಾಕಿದ್ದನ್ನು ಚೀಟಿಯಲ್ಲಿ ಬರೆಯಬೇಕು. ಬಟ್ಟೆಯನ್ನು ನೆರಳಲ್ಲಿ ನೇತು ಹಾಕಿ ಒಣಗಿಸಬೇಕು. ಬಿಸಿಲಿಗೆ ಹಾಕಿದರೆ ನಾಲ್ಕು ಸಾವಿರ ವರ್ಷ ಉಳಿದಿದ್ದ ಕಾಳು ಒಂದೇ ಮಧ್ಯಾಹ್ನಕ್ಕೆ ಬಿರಿದು ಪುಡಿಯಾಗುತ್ತದೆ.

ಹಾಗೆ ಸಿಕ್ಕ ಕಾಳನ್ನು ಮಸೂರದಡಿ ಇಟ್ಟರೆ ಹುರುಳಿ ಗೊತ್ತಾಗುತ್ತದೆ: ಮೂತ್ರಪಿಂಡದಂಥ ಚಪ್ಪಟೆ ಆಕಾರ, ಸಿಪ್ಪೆ ಹಾರಿಹೋಗಿ ಎರಡು ಬೇಳೆಯಾಗಿ ಸೀಳಿದ್ದು. ಪಕ್ಕದಲ್ಲಿ ಕೊರಲೆ ಎಂಬ ಪುಟ್ಟ ಕಿರುಧಾನ್ಯ, ಉಳಿದ ಚೂರು ಸಿಪ್ಪೆಯ ಮೇಲೆ ಅಡ್ಡ ಸುಕ್ಕು. ದಕ್ಷಿಣದ ನವಶಿಲಾಯುಗದ ನೆಲೆಗಳಲ್ಲಿ ಹುರುಳಿ, ಹೆಸರು, ಕೊರಲೆಯೇ ಮುಖ್ಯ ಬೆಳೆ. ಗೋಧಿ, ಬಾರ್ಲಿ ಹೊರಗಿನಿಂದ ಬಂದು ಸೇರಿದವು. ತುಮಕೂರು, ಚಿತ್ರದುರ್ಗದ ಕಡೆ ಇವತ್ತು ಮತ್ತೆ ಬಿತ್ತುತ್ತಿರುವ ಕೊರಲೆ ಇದೇ. ಕಡಿಮೆ ಮಳೆಯಲ್ಲೂ ಕೈಗೆ ಬರುವ ಬೆಳೆಗಳನ್ನೇ ಅವರು ಆರಿಸಿಕೊಂಡಿದ್ದರು.

ಹಳೆಯ ಮಳೆಯ ಲೆಕ್ಕ ಬೇರೆ ಕಡೆಗಳಿಂದಲೂ ಸಿಗುತ್ತದೆ. ಕಾರವಾರದ ಆಚೆ ಸಮುದ್ರದ ತಳದಿಂದ ಕೊರೆದು ತೆಗೆದ ಕೆಸರಿನ ಕಂಬಗಳಲ್ಲಿ ಘಟ್ಟದ ಕಾಡಿನ ಪರಾಗವಿದೆ. ಕಾರ್ಬನ್ ವರ್ಷಗಳ (ಪ್ರಯೋಗಾಲಯ ಕೊಡುವ, ಇನ್ನೂ ತಿದ್ದದ ವರ್ಷಗಳ) ಲೆಕ್ಕದಲ್ಲಿ ಸುಮಾರು 3500 ವರ್ಷಗಳ ಹಿಂದಿನಿಂದ ಹವೆ ಒಣಗುತ್ತ ಬಂದದ್ದನ್ನು ಅದು ತೋರಿಸುತ್ತದೆ. ನೀಲಗಿರಿಯ ಜೌಗು ಮಣ್ಣಿನಲ್ಲಿ ಕಾರ್ಬನ್-13ರ (ಕಾಲ ಕಳೆದರೂ ಕುಗ್ಗದ ಇನ್ನೊಂದು ಬಗೆಯ ಕಾರ್ಬನ್) ಪ್ರಮಾಣ ಅಳೆದು, ತೇವ ಬಯಸುವ ಸಸ್ಯ ಯಾವಾಗ ಹೆಚ್ಚಿತ್ತು, ಒಣ ಹುಲ್ಲು ಯಾವಾಗ ಹೆಚ್ಚಿತ್ತು ಎಂದು ಗುರುತಿಸಿದ್ದಾರೆ. ಉತ್ತರ ಕನ್ನಡದ ಅಕಳಗವಿಯಲ್ಲಿ ನೀರು ತೊಟ್ಟಿಕ್ಕಿ ಬೆಳೆದ ಸುಣ್ಣದ ಕಂಬವೊಂದು 331 ವರ್ಷಗಳ ಮಳೆಯ ಏರಿಳಿತವನ್ನು ಆಮ್ಲಜನಕದ ಐಸೊಟೋಪುಗಳಲ್ಲಿ (ತೂಕ ಬೇರೆ ಬೇರೆಯಾದ ಪರಮಾಣುಗಳಲ್ಲಿ) ಹಿಡಿದಿಟ್ಟಿದೆ. ಮಳೆ ಕುಗ್ಗಿದ್ದರಿಂದಲೇ ದನಗಾಹಿಗಳು ದಿಬ್ಬ ಬಿಟ್ಟರೇ ಎಂಬ ಪ್ರಶ್ನೆಗೆ ಉತ್ತರ ಬೇಕಾದರೆ ದಿಬ್ಬದ ಕೊನೆಯ ಪದರದ ಕಾಲ ಒಂದು ಶತಮಾನ ಆಚೀಚೆಯಾಗದಷ್ಟು ನಿಖರವಾಗಿ ಗೊತ್ತಾಗಬೇಕು. ಕಾರ್ಬನ್ ಪರೀಕ್ಷೆಯಲ್ಲಿ ಎಡವಟ್ಟಾಗುವುದೂ ಅಲ್ಲೇ.

ಮೊದಲನೆಯದು ಹಳೇ ಮರ. ತೇಗದ ತಿರುಳಿನ ಇದ್ದಿಲು, ಒಲೆ ಉರಿದ ದಿನಕ್ಕಿಂತ ನೂರಿನ್ನೂರು ವರ್ಷ ಹಿಂದಿನ ಕಾಲ ಹೇಳೀತು. ಒಂದೇ ಹಂಗಾಮಿನಲ್ಲಿ ಬೆಳೆದ ಕಾಳಿಗೆ ಆ ತೊಂದರೆ ಇಲ್ಲ. ಕಾರ್ಬನ್-14 ಪರಮಾಣುಗಳನ್ನೇ ನೇರವಾಗಿ ಎಣಿಸುವ ಈಗಿನ ಎಎಂಎಸ್ ಯಂತ್ರಕ್ಕೆ ಕೆಲವು ಮಿಲಿಗ್ರಾಂ ಸಾಕಾದ್ದರಿಂದ ಒಂದು ಹುರುಳಿ ಕಾಳನ್ನೇ ಕೊಡಬಹುದು. ಎರೆಭೂಮಿಯಲ್ಲಿ ಇನ್ನೊಂದು ಪೇಚು. ಬೇಸಿಗೆಯ ಬಿರುಕಿನಲ್ಲಿ ಮೇಲಿನದು ಕೆಳಗೆ ಬೀಳುತ್ತದೆ. ಹಸಿ ಬೀಜವಾದರೆ ಕಣ್ಣಿಗೇ ಗೊತ್ತಾಗುತ್ತದೆ, ಆದರೆ ಕೂಳೆ ಸುಟ್ಟಾಗ ಕರಿಯಾದ ಹೋದ ವರ್ಷದ ಕಾಳೂ ಹಾಗೇ ಇಳಿದಿರಬಹುದು. ಅದಕ್ಕೇ ಒಂದು ಪದರಕ್ಕೆ ಒಂದೇ ಕಾಳನ್ನು ನಂಬಬಾರದು, ಎರಡು ಮೂರನ್ನು ಬೇರೆ ಬೇರೆಯಾಗಿ ಅಳೆಸಬೇಕು.

ಮಾಲಿನ್ಯದ ಲೆಕ್ಕ ಕೇಳಿ. 5000 ವರ್ಷದ ಮಾದರಿಗೆ ಶೇ 1ರಷ್ಟು ಇಂದಿನ ಕಾರ್ಬನ್ ಸೇರಿದರೆ ಸುಮಾರು 70 ವರ್ಷ ಕಿರಿದಾಗುತ್ತದೆ. 40,000 ವರ್ಷದ್ದಕ್ಕೆ ಅದೇ ಶೇ 1 ಸೇರಿದರೆ 7000 ವರ್ಷ ಕೊಚ್ಚಿಹೋಗುತ್ತದೆ. ಡೀಸೆಲ್, ಪೆಟ್ರೋಲಿಯಂ ಮೂಲದ ಅಂಟು ತಗುಲಿದರೆ ಉಲ್ಟಾ: ಶೇ 1ಕ್ಕೆ 80 ವರ್ಷ ಹಳತಾಗಿ ಕಾಣುತ್ತದೆ. ಆದ್ದರಿಂದ ಹತ್ತಿ, ಟಿಶ್ಯೂ ಪೇಪರ್‌ನಲ್ಲಿ ಸುತ್ತಬಾರದು. ಅಲ್ಯೂಮಿನಿಯಂ ಹಾಳೆಯಲ್ಲಿ ಸುತ್ತಿ, ಬೂಷ್ಟು ಹಿಡಿಯದಂತೆ ಒಣಗಿಸಿ, ಹೊರಗೆ ಪ್ಲಾಸ್ಟಿಕ್ ಚೀಲ ಹಾಕಬೇಕು. ಕೂದಲಿನಂಥ ಬೇರುಗಳನ್ನು ಚಿಮಟದಿಂದ ಹೆಕ್ಕಬೇಕು. ಸುಣ್ಣ ತೆಗೆಯಲು ಆಮ್ಲ, ಮಣ್ಣಿನ ಹ್ಯೂಮಿಕ್ ಅಂಶ (ಕೊಳೆತ ಸಸ್ಯದಿಂದ ಬಂದದ್ದು) ತೆಗೆಯಲು ಕ್ಷಾರ, ಮತ್ತೆ ಆಮ್ಲ, ಹೀಗೆ ಪ್ರಯೋಗಾಲಯ ತೊಳೆಯುತ್ತದೆ; ನೆನೆಸುವಾಗ ಹಾಕಿದ ಅಡುಗೆ ಸೋಡಾದ ಅಂಶ ಮೊದಲ ತೊಳೆತಕ್ಕೇ ಹೋಗುತ್ತದೆ.

ಫಲಿತಾಂಶ ಬಂದ ಮೇಲೂ ಪತ್ರಿಕೆಯಲ್ಲಿ ತಪ್ಪು ಅಚ್ಚಾಗುವುದುಂಟು. ಪ್ರಯೋಗಾಲಯ ‘4000±30’ ಎಂದು ಕೊಟ್ಟರೆ ಅದು 1950ರಿಂದ ಹಿಂದಕ್ಕೆ ಎಣಿಸಿದ ಕಾರ್ಬನ್ ವರ್ಷ. ಅದರಲ್ಲಿ 1950 ಕಳೆದು ‘ಕ್ರಿ.ಪೂ. 2050’ ಎಂದು ಬರೆಯುತ್ತಾರೆ. ಗಾಳಿಯಲ್ಲಿನ ಕಾರ್ಬನ್-14 ಎಲ್ಲ ಕಾಲಕ್ಕೂ ಒಂದೇ ಸಮ ಇರಲಿಲ್ಲವಾದ್ದರಿಂದ, ಮರದ ವಾರ್ಷಿಕ ಬಳೆಗಳಿಂದ ಕಟ್ಟಿದ ರೇಖೆಗೆ ಹೊಂದಿಸಿ ತಿದ್ದಿದಾಗ ಅದು ಕ್ರಿ.ಪೂ. 2500ರ ಆಸುಪಾಸಿಗೆ ಹೋಗುತ್ತದೆ. ನಾಲ್ಕೂವರೆ ಶತಮಾನದ ವ್ಯತ್ಯಾಸ! ಇನ್ನು ಕ್ರಿ.ಪೂ. 800ರಿಂದ 400ರ ನಡುವೆ ಆ ರೇಖೆ ಚಪ್ಪಟೆಯಾಗಿದೆ. ಆ ಕಾಲದ ಬೃಹತ್ ಶಿಲಾಸಮಾಧಿಯ ಇದ್ದಿಲು ಎಷ್ಟೇ ಶುದ್ಧವಾಗಿದ್ದರೂ ಉತ್ತರ ಮುನ್ನೂರು ನಾನೂರು ವರ್ಷದಗಲಕ್ಕೆ ಹರಡುತ್ತದೆ. ಅಲ್ಲಿ ಮಡಕೆಗೆ ಅದು ಕೊನೆಯ ಸಲ ಬೆಂದ ಕಾಲ ಹೇಳುವ ಉಷ್ಣದೀಪ್ತಿ ಪರೀಕ್ಷೆ, ಮಣ್ಣಿನ ಮರಳುಕಣಕ್ಕೆ ಬೆಳಕಿನ ಪರೀಕ್ಷೆಯನ್ನೂ ಜೊತೆಗೆ ಮಾಡಿಸಬೇಕು. ಬೆಳಕಿನ ಪರೀಕ್ಷೆ ಹೇಳುವುದು ಆ ಕಣ ಕೊನೆಯ ಸಲ ಬಿಸಿಲು ಕಂಡ ಕಾಲವನ್ನು. ಅದಕ್ಕೆ ಕಬ್ಬಿಣದ ಕೊಳವೆಯನ್ನು ಕಡಿದ ಗೋಡೆಗೆ ಹೊಡೆದಿಳಿಸಿ, ಎರಡೂ ಬಾಯಿ ಮುಚ್ಚಿ, ಬೆಳಕು ತಾಗದಂತೆ ಒಯ್ಯಬೇಕು. ಸುತ್ತಲ ಮಣ್ಣನ್ನೂ ತೇವ ಆರದಂತೆ ಬೇರೆ ಚೀಲದಲ್ಲಿ ಕೊಡಬೇಕು. ಅದರಲ್ಲಿನ ಯುರೇನಿಯಂ, ಥೋರಿಯಂ, ಪೊಟ್ಯಾಸಿಯಂ ಎಷ್ಟೆಂದು ತಿಳಿಯದೆ ಲೆಕ್ಕ ಕೂಡುವುದಿಲ್ಲ.

ವರದಿಗಾರರಲ್ಲಿ ನಮ್ಮ ವಿನಂತಿ: ಕಾಲ ಗೊತ್ತಾಯಿತು ಎಂದು ಯಾರಾದರೂ ಹೇಳಿದರೆ ಯಾವ ವಸ್ತು, ಯಾವ ಪದರ, ಪ್ರಯೋಗಾಲಯದ ಮಾದರಿ ಸಂಖ್ಯೆ ಯಾವುದು, ತಿದ್ದಿದ ವರ್ಷವೋ ತಿದ್ದದ್ದೋ ಎಂದು ಕೇಳಿ, ಆ ± ಅಂಕಿಯನ್ನೂ ಬಿಡದೆ ಅಚ್ಚು ಹಾಕಿ. ಊರವರಲ್ಲಿ ವಿನಂತಿ: ಬೂದಿದಿಬ್ಬವನ್ನು ನೀವಾಗಿ ಅಗೆಯಬೇಡಿ, ಕಾನೂನೂ ಒಪ್ಪುವುದಿಲ್ಲ. ರಸ್ತೆಗೋ ಪೈಪಿಗೋ ಜೆಸಿಬಿ ಕಡಿದು ಕಪ್ಪು ಬಿಳಿ ಪಟ್ಟೆ ಕಂಡರೆ ಕೆಲಸ ನಿಲ್ಲಿಸಿ, ಅಳತೆಪಟ್ಟಿಯೊಂದನ್ನು ಗೋಡೆಗೆ ಆನಿಸಿ ಫೋಟೊ ತೆಗೆದು, ತಹಶೀಲ್ದಾರರಿಗೂ ರಾಜ್ಯದ ಪುರಾತತ್ವ ಇಲಾಖೆಗೂ ತಿಳಿಸಿ. ಅವರು ಬರುವವರೆಗೆ ಆ ಗೋಡೆಗೆ ತಾಡಪಾಲು ಇಳಿಬಿಟ್ಟು, ಮೇಲ್ತುದಿಗೆ ಕಲ್ಲು ಹೇರಿಡಿ. ಒಂದು ಮಳೆ ಹೊಡೆದರೆ ಕಪ್ಪು ಗೆರೆ ಕೆಳಗಿಳಿದು ಪದರಗಳೆಲ್ಲ ಕಲೆಸಿಹೋಗುತ್ತವೆ.

ಇಂತಿ,
ಪುರಾತತ್ವ ಮಾದರಿಗಳ ಪರೀಕ್ಷೆಯಲ್ಲಿ ತೊಡಗಿರುವ ಓದುಗರು, ಬಳ್ಳಾರಿ